‘ದ್ಯಾನ್’ ಆದಮೇಲೆ ಏನು ಬರಬೇಕು? ಇಂಗ್ಲಿಷಿನಲ್ಲಿ ಕಣ್ಣಿಗೆ ಕಟ್ಟುವಂತೆ ಹೋಲಿಸುವ ಬಗೆ

ಸೀರೆ ಅಂಗಡಿಯಲ್ಲಿ ಕೆಲಸ ಮಾಡುವ ಹುಡುಗಿಯೊಬ್ಬಳು ನನ್ನ ಸಂಜೆಯ ಇಂಗ್ಲಿಷ್ ಪಾಠಕ್ಕೆ ಬರುತ್ತಿದ್ದಳು. ಹೊರರಾಜ್ಯದ, ಹೊರದೇಶದ ಗಿರಾಕಿಗಳು ಬಂದಾಗ ಅವಳಿಗೆ ಕಷ್ಟವಾಗುತ್ತಿತ್ತು. ಎರಡು ಸೀರೆ ಮುಂದಿಟ್ಟು ‘ದಿಸ್ ಈಸ್ ಗುಡ್, ದಟ್ ಈಸ್ ಮೋರ್ ಗುಡ್’ ಅನ್ನುತ್ತಿದ್ದಳು. ಮಾತು ಅಲ್ಲಿಗೇ ನಿಲ್ಲುತ್ತಿತ್ತು.

ಕನ್ನಡದಲ್ಲಾದರೆ ಹಾಗಲ್ಲ. ‘ಇಳಕಲ್ ಸೀರೆಯ ಒಡಲು ಹತ್ತಿ ಮೇಡಂ, ಬೇಸಿಗೆಗೆ ರೇಷ್ಮೆಗಿಂತ ತಂಪು. ಮೈಸೂರು ಸಿಲ್ಕ್ ಇದಕ್ಕಿಂತ ನುಣುಪು, ಹೊಳಪೂ ಜಾಸ್ತಿ. ನೋಡೋಕೆ ಭಾರ ಅನ್ನಿಸುತ್ತೆ, ಕೈಗೆ ತಗೊಂಡ್ರೆ ಹಗುರ’ ಎಂದು ಒಂದೇ ಉಸಿರಿಗೆ ಹೇಳುತ್ತಿದ್ದಳು. ಹೋಲಿಸುವ ಕಣ್ಣು ಅವಳಿಗೆ ಚೆನ್ನಾಗಿಯೇ ಇತ್ತು. ಅದನ್ನು ಇಂಗ್ಲಿಷಿನಲ್ಲಿ ಹೇಳುವ ದಾರಿ ಮಾತ್ರ ಗೊತ್ತಿರಲಿಲ್ಲ.

ನಮ್ಮಲ್ಲಿ ಬಹಳ ಜನರದ್ದು ಇದೇ ಸ್ಥಿತಿ. ಅವಳಿಗೆ ಹೇಳಿಕೊಟ್ಟಿದ್ದನ್ನೇ ಇಲ್ಲಿ ಒಂದೊಂದು ಹೆಜ್ಜೆಯಾಗಿ ಬರೆಯುತ್ತಿದ್ದೇನೆ. ವ್ಯಾಕರಣದ ಭಾಗ ಮೊದಲು ಬರುತ್ತದೆ. ನನಗೆ ಹೆಚ್ಚು ಮುಖ್ಯ ಅನ್ನಿಸುವುದು ಆಮೇಲಿನದು.

ಮೊದಲ ಹೆಜ್ಜೆ: ಎರಡು ಕಡೆ ಗುರುತು ಹಾಕಿ

ಕನ್ನಡದಲ್ಲಿ ಹೋಲಿಕೆಯ ಕೆಲಸವನ್ನೆಲ್ಲ ‘ಗಿಂತ’ ಒಂದೇ ಮಾಡಿಬಿಡುತ್ತದೆ. ‘ಭೀಮ ಅರ್ಜುನನಿಗಿಂತ ಎತ್ತರ.’ ಇಲ್ಲಿ ‘ಎತ್ತರ’ ಅನ್ನುವ ಮಾತು ಇದ್ದಹಾಗೇ ಇದೆ. ಗುರುತು ಬಿದ್ದಿದ್ದು ಅರ್ಜುನನ ಮೇಲೆ ಮಾತ್ರ.

ಇಂಗ್ಲಿಷಿನಲ್ಲಿ ಎರಡು ಕಡೆ ಗುರುತು ಬೀಳಬೇಕು. ‘ಭೀಮ ಈಸ್ ಟಾಲರ್ ದ್ಯಾನ್ ಅರ್ಜುನ.’ ‘ಟಾಲ್’ ಹೋಗಿ ‘ಟಾಲರ್’ ಆಯಿತು. ಅರ್ಜುನನ ಮುಂದೆ ‘ದ್ಯಾನ್’ ಬಂತು. ನಮ್ಮ ತಪ್ಪುಗಳ ಬೇರು ಇಲ್ಲೇ ಇದೆ. ‘ಗಿಂತ’ ಒಂದೇ ಸಾಕು ಅನ್ನುವ ಅಭ್ಯಾಸದಿಂದ ‘ಹಿ ಈಸ್ ಟಾಲ್ ದ್ಯಾನ್ ಮಿ’ ಅಂದುಬಿಡುತ್ತೇವೆ. ಇನ್ನು ಕೆಲವರು ‘ಹೆಚ್ಚು ಎತ್ತರ’ ಅನ್ನುವುದನ್ನು ಮನಸ್ಸಿನಲ್ಲಿಟ್ಟುಕೊಂಡು ‘ಮೋರ್ ಟಾಲರ್’ ಅನ್ನುತ್ತಾರೆ. ಮೊದಲನೆಯದರಲ್ಲಿ ಒಂದು ಗುರುತು ಕಡಿಮೆ, ಎರಡನೆಯದರಲ್ಲಿ ಒಂದು ಜಾಸ್ತಿ.

ಎಲ್ಲಿ ‘ಅರ್’, ಎಲ್ಲಿ ‘ಮೋರ್’? ಬಾಯಿಂದ ಒಂದೇ ಏಟಿಗೆ (ಅಂದರೆ ಒಂದೇ ಸಿಲಬಲ್‌ನಲ್ಲಿ) ಹೊರಡುವ ಚಿಕ್ಕ ಮಾತುಗಳಿಗೆ ‘ಅರ್’ ಅಂಟುತ್ತದೆ: ಟಾಲರ್, ಕೋಲ್ಡರ್, ಸಾಫ್ಟರ್, ಶಾರ್ಪರ್. ಎರಡು ಏಟಿನ ಮಾತು ‘ವೈ’ ಅಕ್ಷರದಲ್ಲಿ ಮುಗಿದರೆ ಆ ‘ವೈ’ ‘ಐ’ ಆಗಿ, ಮುಂದೆ ‘ಇ-ಆರ್’ ಬರುತ್ತದೆ: ಬ್ಯುಸಿ ಹೋಗಿ ಬ್ಯುಸಿಯರ್, ಹೆವಿ ಹೋಗಿ ಹೆವಿಯರ್. ನ್ಯಾರೋ, ಸಿಂಪಲ್, ಕ್ಲೆವರ್, ಕ್ವಯಟ್ ಇಂಥವೂ ‘ಅರ್’ ತೆಗೆದುಕೊಳ್ಳುತ್ತವೆ. ಕೇರ್‌ಫುಲ್, ಫೇಮಸ್, ಮಾಡರ್ನ್ ಇಂಥವಕ್ಕೆ ‘ಮೋರ್’. ಮೂರು ಏಟು ಅಥವಾ ಅದಕ್ಕೂ ಉದ್ದದ್ದಾದರೆ ಸಾಮಾನ್ಯವಾಗಿ ‘ಮೋರ್’: ಮೋರ್ ಬ್ಯೂಟಿಫುಲ್, ಮೋರ್ ಎಕ್ಸ್‌ಪೆನ್ಸಿವ್.

ಕೆಲವು ಚಿಕ್ಕ ಮಾತುಗಳು ಮಾತ್ರ ಮೋಸ ಮಾಡುತ್ತವೆ. ಟಯರ್ಡ್ (ದಣಿದ), ಬೋರ್ಡ್ (ಬೇಸರಗೊಂಡ) ಎಷ್ಟೇ ಚಿಕ್ಕದಾಗಿ ಕೇಳಿಸಿದರೂ ‘ಮೋರ್ ಟಯರ್ಡ್’, ‘ಮೋರ್ ಬೋರ್ಡ್’ ಅಂತಲೇ ಹೇಳಬೇಕು. ‘ಫನ್’ ಕೂಡ ‘ಮೋರ್ ಫನ್’.

ಬರೆಯುವಾಗ ಕೊನೆಯ ಅಕ್ಷರದ ಮೇಲೆ ಒಂದು ಕಣ್ಣಿರಲಿ. ಬಿಗ್, ಹಾಟ್, ಥಿನ್, ರೆಡ್ ಇವುಗಳಲ್ಲಿ ಕೊನೆಯ ಅಕ್ಷರ ಎರಡಾಗುತ್ತದೆ. ಅಂದರೆ ‘ಬಿಗ್ಗರ್’ ಬರೆಯಲು ಎರಡು ‘ಜಿ’, ‘ಹಾಟರ್’ ಬರೆಯಲು ಎರಡು ‘ಟಿ’ ಬೇಕು. ‘ದ್ಯಾನ್’ ಬರೆಯಲು ನಡುವೆ ‘ಎ’ ಬೇಕು. ‘ಇ’ ಹಾಕಿದರೆ ಅದು ‘ಆಮೇಲೆ’ ಅನ್ನುವ ‘ದೆನ್’ ಆಗಿಬಿಡುತ್ತದೆ. ಮಾತಾಡುವಾಗ ಇದನ್ನು ಒತ್ತಿ ಹೇಳಬೇಡಿ. ಸಲೀಸಾಗಿ ಇಂಗ್ಲಿಷ್ ಮಾತಾಡುವವರ ಬಾಯಲ್ಲಿ ಅದು ಸುಮ್ನೆ ‘ದನ್’ ಎಂದು ತೇಲಿ ಹೋಗುತ್ತದೆ. ಒತ್ತು ಬೀಳುವುದು ‘ಟಾಲರ್’ ಮೇಲೆ, ‘ಅರ್ಜುನ’ನ ಮೇಲೆ.

ಗುಡ್‌ಗೆ ಬೆಟರ್, ಬ್ಯಾಡ್‌ಗೆ ವರ್ಸ್, ಲಿಟಲ್‌ಗೆ ಲೆಸ್, ಫಾರ್‌ಗೆ ಫಾರ್ದರ್ ಅಥವಾ ಫರ್ದರ್. ಇವನ್ನು ಬಾಯಿಪಾಠ ಮಾಡುವುದೊಂದೇ ದಾರಿ. ಇಲ್ಲೊಂದು ವಿಷಯ ನನಗೆ ಬಹಳ ಇಷ್ಟ. ಇಂಗ್ಲಿಷಿನ ‘ನಿಯರ್’ ಹುಟ್ಟಿದ್ದೇ ಹೋಲಿಕೆಯ ರೂಪವಾಗಿ. ಹತ್ತಿರ ಅನ್ನಲು ‘ನೈ’ ಎಂಬ ಹಳೆಯ ಮಾತಿತ್ತು. ಅದಕ್ಕಿಂತ ಹತ್ತಿರ ಅಂದರೆ ‘ನಿಯರ್’, ಎಲ್ಲಕ್ಕಿಂತ ಹತ್ತಿರ ಅಂದರೆ ‘ನೆಕ್ಸ್ಟ್’. ಕಾಲ ಕಳೆದಂತೆ ಜನ ಅದನ್ನು ಮರೆತು ‘ನಿಯರ್’ ಮೇಲೆ ಇನ್ನೊಂದು ‘ಅರ್’ ಹಾಕಿ ‘ನಿಯರರ್’ ಮಾಡಿಕೊಂಡರು. ಹಾಗಾಗಿ ‘ಮೋರ್ ಬೆಟರ್’ ಅಂದ ವಿದ್ಯಾರ್ಥಿಯನ್ನು ನಾನು ಗದರುವುದಿಲ್ಲ. ಆ ಭಾಷೆಯವರೂ ನಡೆದ ದಾರಿ ಅದು. ಈಗಿನ ಇಂಗ್ಲಿಷಿನಲ್ಲಿ ಅದು ತಪ್ಪು ಅಂತ ತಿದ್ದಿದರೆ ಸಾಕು.

ಒಂದು ಗುಂಪಿಗೆ ‘ದ್ಯಾನ್’ ಬರುವುದೇ ಇಲ್ಲ. ಸೀನಿಯರ್, ಜೂನಿಯರ್, ಸುಪೀರಿಯರ್, ಇನ್‌ಫೀರಿಯರ್ ಇವು ಲ್ಯಾಟಿನ್‌ನಿಂದ ಬಂದವು. ಅಲ್ಲೇ ಹೋಲಿಕೆಯ ರೂಪ ತೊಟ್ಟುಕೊಂಡು ಬಂದಿವೆ. ಇವಕ್ಕೆ ‘ಟು’ ಸೇರಿಸಬೇಕು: ‘ಶಿ ಈಸ್ ಸೀನಿಯರ್ ಟು ಮಿ.’ ‘ಪ್ರಿಫರ್’ ಕೂಡ ಹೀಗೆಯೇ: ‘ಐ ಪ್ರಿಫರ್ ಕಾಫಿ ಟು ಟೀ.’

ಎರಡನೇ ಹೆಜ್ಜೆ: ‘ಬೆಟರ್’ ಅನ್ನು ಬಿಚ್ಚಿ ನೋಡಿ

ಇನ್ನು ಮುಂದಿನದು ರುಚಿಯ ಮಾತು. ವ್ಯಾಕರಣ ಸರಿಯಿದ್ದೂ ಸಪ್ಪೆಯಾಗಿರುವ ವಾಕ್ಯಗಳು ಬೇಕಾದಷ್ಟಿವೆ. ‘ದಿಸ್ ಕಾಫಿ ಈಸ್ ಬೆಟರ್ ದ್ಯಾನ್ ದಟ್ ಕಾಫಿ.’ ತಪ್ಪೇನೂ ಇಲ್ಲ. ಕೇಳಿದವರ ನಾಲಿಗೆಗೆ ಮಾತ್ರ ಏನೂ ತಾಗಲಿಲ್ಲ.

ಬೆಟರ್, ನೈಸರ್, ಬಿಗ್ಗರ್ ಇವು ಕಟ್ಟಿದ ಗಂಟಿನ ಹಾಗೆ. ಒಳಗೆ ಏನಿದೆ ಅಂತ ಬಿಚ್ಚಿ ತೋರಿಸಬೇಕು. ಕಾಫಿ ಯಾವುದರಲ್ಲಿ ಬೆಟರ್? ಬಿಸಿಯೇ? ಹಾಗಾದರೆ ‘ಹಾಟರ್’. ಡಿಕಾಕ್ಷನ್ ಗಟ್ಟಿಯೇ? ‘ಸ್ಟ್ರಾಂಗರ್’. ನೊರೆ ಜಾಸ್ತಿಯೇ? ‘ಫ್ರಾದಿಯರ್’. ಚಿಕೋರಿ ಬಿದ್ದಿದ್ದರಿಂದ ಬಣ್ಣ ಕಪ್ಪಾಗಿ ಕಹಿ ಏರಿದೆಯೇ? ‘ಡಾರ್ಕರ್ ಅಂಡ್ ಮೋರ್ ಬಿಟರ್’. ಈಗ ಹೇಳಿ ನೋಡಿ: ‘ಅವರ್ ಹೋಮ್ ಕಾಫಿ ಈಸ್ ಡಾರ್ಕರ್ ಅಂಡ್ ಫ್ರಾದಿಯರ್ ದ್ಯಾನ್ ದಿ ಆಫೀಸ್ ಒನ್.’ ಲೋಟ ಕಣ್ಣ ಮುಂದೆ ಬಂತಲ್ವಾ?

‘ಬಿಗ್ಗರ್’ ಅನ್ನುವುದನ್ನೂ ಹೀಗೇ ಬಿಚ್ಚಿ. ರಸ್ತೆ ದೊಡ್ಡದು ಅಂದರೆ ‘ವೈಡರ್’. ಬಾವಿ ದೊಡ್ಡದು ಅಂದರೆ ‘ಡೀಪರ್’. ಮರ ದೊಡ್ಡದು ಅಂದರೆ ‘ಟಾಲರ್’ ಇರಬಹುದು, ಬುಡ ದಪ್ಪ ಅನ್ನುವ ಅರ್ಥಕ್ಕೆ ‘ಥಿಕ್ಕರ್’ ಇರಬಹುದು. ಕನ್ನಡದ ‘ದೊಡ್ಡದು’ ಎಲ್ಲದಕ್ಕೂ ಒಗ್ಗುತ್ತದೆ. ಆ ಸಡಿಲಿಕೆಯನ್ನೇ ಇಂಗ್ಲಿಷಿಗೂ ಒಯ್ದರೆ ಮಾತು ಮಂಕಾಗುತ್ತದೆ.

ಮೂರನೇ ಹೆಜ್ಜೆ: ‘ದ್ಯಾನ್’ ಆದಮೇಲೆ, ಕೇಳುವವರು ಕಂಡಿದ್ದನ್ನೇ ಇಡಿ

ಹೋಲಿಕೆಯ ಜೀವ ಇರುವುದು ಇಲ್ಲಿ. ‘ದ್ಯಾನ್’ ಆದಮೇಲೆ ಬರುವ ವಸ್ತು ಕೇಳುವವರಿಗೆ ಗೊತ್ತಿರಬೇಕು. ಕಣ್ಣಲ್ಲಿ ಕಂಡಿರಬೇಕು, ಇಲ್ಲವೇ ಕೈಯಲ್ಲಿ ಮುಟ್ಟಿರಬೇಕು. ಗೊತ್ತಿಲ್ಲದ್ದನ್ನು ಗೊತ್ತಿಲ್ಲದ್ದಕ್ಕೆ ಹೋಲಿಸಿದರೆ ಏನೂ ಕಾಣುವುದಿಲ್ಲ.

ಜೋಗದ ವಿಷಯ ತೆಗೆದುಕೊಳ್ಳಿ. ಶರಾವತಿ ಅಲ್ಲಿ 253 ಮೀಟರ್ ಆಳಕ್ಕೆ ಧುಮುಕುತ್ತದೆ. ಈ ಅಂಕಿ ಹೇಳಿದರೆ ಬಹಳ ಜನ ‘ಓಹೋ’ ಅಂದು ಮರೆತುಬಿಡುತ್ತಾರೆ. ದೆಹಲಿಯವರ ಜೊತೆ ಮಾತಾಡುತ್ತಿದ್ದರೆ ಕುತುಬ್ ಮಿನಾರ್ ತನ್ನಿ. ಅದರ ಎತ್ತರ ಸುಮಾರು 73 ಮೀಟರ್. ‘ಜೋಗ್ ಈಸ್ ಮೋರ್ ದ್ಯಾನ್ ತ್ರೀ ಟೈಮ್ಸ್ ಆ್ಯಸ್ ಹೈ ಆ್ಯಸ್ ದ ಕುತುಬ್ ಮಿನಾರ್.’ ಅವರು ಕತ್ತು ಮೇಲೆತ್ತಿ ನೋಡಿದ ಕಂಬ ಅದು. ಅಂಥ ಮೂರನ್ನು ಒಂದರ ಮೇಲೊಂದು ಇಟ್ಟುಕೊಂಡು ಮನಸ್ಸಿನಲ್ಲೇ ಅಳೆಯುತ್ತಾರೆ.

ಅಮೆರಿಕದವರ ಜೊತೆಯಾದರೆ ನಯಾಗರ. ಅಲ್ಲಿನ ದೊಡ್ಡ ಜಲಪಾತದ ಎತ್ತರ ಸುಮಾರು 57 ಮೀಟರ್. ‘ನಯಾಗರ ಈಸ್ ಫಾರ್ ವೈಡರ್, ಬಟ್ ಜೋಗ್ ಈಸ್ ಫಾರ್ ಹೈಯರ್.’ ನಾನು ಈ ವಾಕ್ಯವನ್ನು ಪಾಠದಲ್ಲಿ ತಪ್ಪದೆ ಬರೆಸುತ್ತೇನೆ. ಇದರಲ್ಲಿ ಯಾವ ಊರಿಗೂ ಅವಮಾನವಿಲ್ಲ. ಅಗಲದಲ್ಲಿ ಅದು ಮುಂದೆ, ಎತ್ತರದಲ್ಲಿ ಇದು ಮುಂದೆ. ಕೇಳುವವರಿಗೆ ಎರಡೂ ಜಲಪಾತಗಳ ಆಕಾರ ಸಿಕ್ಕಿತು.

ಶ್ರವಣಬೆಳಗೊಳದ ಗೊಮ್ಮಟನ ಎತ್ತರ 57 ಅಡಿ. ಮನೆಯ ಒಂದು ಅಂತಸ್ತು ಹತ್ತಿರಹತ್ತಿರ ಹತ್ತು ಅಡಿ ಇರುತ್ತದೆ. ‘ದ ಸ್ಟ್ಯಾಚ್ಯೂ ಈಸ್ ಟಾಲರ್ ದ್ಯಾನ್ ಎ ಫೈವ್ ಸ್ಟೋರಿ ಹೌಸ್’ ಅಂದರೆ ಯಾವ ದೇಶದವರಿಗೂ ಅರ್ಥವಾಗುತ್ತದೆ.

ಇಂಗ್ಲಿಷಿನಲ್ಲಿ ಸವೆದುಹೋದ ಹೋಲಿಕೆಗಳು ಬಹಳ ಇವೆ. ‘ಲೈಟರ್ ದ್ಯಾನ್ ಎ ಫೆದರ್’, ‘ವೈಟರ್ ದ್ಯಾನ್ ಸ್ನೋ’ ಇಂಥವು. ಹಿಮವನ್ನೇ ನೋಡದ ನಾವು ಹಿಮಕ್ಕೆ ಹೋಲಿಸಿದರೆ ಅದು ನಮ್ಮ ಮಾತು ಅನ್ನಿಸುವುದೇ ಇಲ್ಲ. ನಿಮ್ಮ ಅಡುಗೆಮನೆ, ಬಚ್ಚಲು, ಹೊಲ, ಬಸ್ ಸ್ಟ್ಯಾಂಡು ಇವೆಲ್ಲ ಹೋಲಿಕೆಯ ಕಣಜ. ಹಂಡೆಯ ತಳದ ಮಸಿ ನೆನಪಿದೆಯಾ? ‘ದ ಸ್ಕೈ ವಾಸ್ ಬ್ಲ್ಯಾಕರ್ ದ್ಯಾನ್ ದ ಬಾಟಮ್ ಆಫ್ ಎ ವುಡ್-ಫೈರ್ಡ್ ಪಾಟ್.’ ಸೌದೆ ಒಲೆ ನೋಡಿದ ಯಾರಿಗಾದರೂ ಆ ಕಪ್ಪು ಗೊತ್ತು. ಮನೆಯ ಮಾತಿಗೆ ಒಂದು ವಿವರ ಸೇರಿಸಿ ಹೊರಗಿನವರಿಗೂ ತಿಳಿಯುವ ಹಾಗೆ ಮಾಡಿಕೊಂಡರೆ ಆಯಿತು. ಬರೀ ‘ಹಂಡೆ’ ಅಂದಿದ್ದರೆ ಅವರಿಗೆ ಗೊತ್ತಾಗುತ್ತಿರಲಿಲ್ಲ. ‘ಸೌದೆ ಒಲೆಯ ಮೇಲಿನ ಪಾತ್ರೆ’ ಅಂದಾಗ ಗೊತ್ತಾಯಿತು.

ನಾಲ್ಕನೇ ಹೆಜ್ಜೆ: ಒಂದು ವಸ್ತುವನ್ನು ಅದಕ್ಕೇ ಹೋಲಿಸಿ

ನಮ್ಮವರು ಅತಿ ಕಡಿಮೆ ಬಳಸುವ ರೀತಿ ಇದು. ನನಗೆ ಅತಿ ಇಷ್ಟವಾದದ್ದೂ ಇದೇ. ‘ದ್ಯಾನ್’ ಆದಮೇಲೆ ಇನ್ನೊಂದು ವಸ್ತು ಬರಲೇಬೇಕು ಅಂತಿಲ್ಲ. ಒಂದು ಪುಟ್ಟ ವಾಕ್ಯವೇ ಬರಬಹುದು.

‘ಇಟ್ ಈಸ್ ಹೆವಿಯರ್ ದ್ಯಾನ್ ಇಟ್ ಲುಕ್ಸ್.’ ಕಾಣುವುದಕ್ಕಿಂತ ಭಾರವಿದೆ. ‘ದ ಎಕ್ಸಾಮ್ ವಾಸ್ ಈಸಿಯರ್ ದ್ಯಾನ್ ಐ ಎಕ್ಸ್‌ಪೆಕ್ಟೆಡ್.’ ಅಂದುಕೊಂಡಿದ್ದಕ್ಕಿಂತ ಸುಲಭವಿತ್ತು. ‘ದ ಲೇಕ್ ಈಸ್ ಸ್ಮಾಲರ್ ದ್ಯಾನ್ ಇಟ್ ಯೂಸ್ಡ್ ಟು ಬಿ.’ ಕೆರೆ ಮೊದಲಿನಷ್ಟು ದೊಡ್ಡದಿಲ್ಲ. ಕೊನೆಯ ವಾಕ್ಯ ನೋಡಿ. ಒತ್ತುವರಿ, ಹೂಳು, ಹೋದ ಕಾಲ ಯಾವುದರ ಹೆಸರೂ ಎತ್ತಿಲ್ಲ. ಆದರೂ ಕೆರೆ ಕಳೆದುಕೊಂಡ ಊರಿನವರಿಗೆ ಅಷ್ಟು ಸಾಕು.

ಒಮ್ಮೆ ಪಾಠದಲ್ಲಿ ‘ನಿಮ್ಮ ಅಜ್ಜಿಯ ಮನೆ’ ಎಂಬ ವಿಷಯ ಕೊಟ್ಟಿದ್ದೆ. ಬಹಳ ವರ್ಷಗಳ ಮೇಲೆ ಊರಿಗೆ ಹೋಗಿ ಬಂದಿದ್ದ ಒಬ್ಬರು ಬರೆದ ಮೊದಲ ವಾಕ್ಯ: ‘ಮೈ ಗ್ರ್ಯಾಂಡ್‌ಮದರ್ಸ್ ಹೌಸ್ ಈಸ್ ವೆರಿ ಸ್ಮಾಲ್.’ ನಾನು ಕೇಳಿದೆ, ಚಿಕ್ಕವರಿದ್ದಾಗ ಹಾಗನ್ನಿಸಿತ್ತಾ? ‘ಇಲ್ಲ, ಆಗ ದೊಡ್ಡ ಅರಮನೆ ಹಾಗಿತ್ತು’ ಅಂದರು. ಹಾಗಾದರೆ ಅದನ್ನೇ ಬರೆಯಿರಿ ಅಂದೆ. ಅವರು ತಿದ್ದಿದರು: ‘ದ ಹೌಸ್ ವಾಸ್ ಸ್ಮಾಲರ್ ದ್ಯಾನ್ ಐ ರಿಮೆಂಬರ್ಡ್. ದ ಡೋರ್ ವಾಸ್ ಲೋಯರ್. ಓನ್ಲಿ ದ ಟ್ಯಾಮರಿಂಡ್ ಟ್ರೀ ವಾಸ್ ಟಾಲರ್.’ ನೆನಪಿಗಿಂತ ಮನೆ ಚಿಕ್ಕದಿತ್ತು. ಬಾಗಿಲು ಇನ್ನೂ ತಗ್ಗಾಗಿತ್ತು. ಹುಣಸೆಮರ ಮಾತ್ರ ಬೆಳೆದಿತ್ತು. ಮೂರೂ ವಾಕ್ಯದಲ್ಲಿ ಕಷ್ಟದ ಮಾತು ಒಂದೂ ಇಲ್ಲ. ಓದಿ ಮುಗಿಸಿದಾಗ ತರಗತಿ ಸುಮ್ಮನಾಯಿತು.

ಎರಡನೇ, ಮೂರನೇ ವಾಕ್ಯದಲ್ಲಿ ‘ದ್ಯಾನ್’ ಇಲ್ಲ ಗಮನಿಸಿ. ಯಾವುದಕ್ಕಿಂತ ಅಂತ ಒಮ್ಮೆ ಗೊತ್ತಾದರೆ ಮತ್ತೆ ಹೇಳಬೇಕಿಲ್ಲ. ಒಲಿಂಪಿಕ್ಸ್‌ನ ಧ್ಯೇಯವಾಕ್ಯವೂ ಹೀಗೆಯೇ ಇದೆ. ‘ಫಾಸ್ಟರ್, ಹೈಯರ್, ಸ್ಟ್ರಾಂಗರ್.’ 2021ರಲ್ಲಿ ಅದಕ್ಕೆ ‘ಟುಗೆದರ್’ ಸೇರಿತು. ಯಾರಿಗಿಂತ ವೇಗ, ಯಾರಿಗಿಂತ ಎತ್ತರ ಅಂತ ಅದು ಹೇಳುವುದಿಲ್ಲ. ಓಡುವವರು ನಿನ್ನೆಯ ತಮ್ಮನ್ನೇ ನೆನೆದುಕೊಳ್ಳಬಹುದು. ಆದರೆ ಕೇಳುವವರಿಗೆ ಗೊತ್ತಾಗುವ ಹಾಗಿಲ್ಲದಿದ್ದರೆ ‘ದ್ಯಾನ್’ ಬಿಡಬೇಡಿ. ‘ಅವರ್ ಪ್ರಾಡಕ್ಟ್ ಈಸ್ ಬೆಟರ್’ ಅಂತ ಬರೆದು ನಿಲ್ಲಿಸಿದರೆ, ಯಾವುದಕ್ಕಿಂತ ಅನ್ನುವ ಪ್ರಶ್ನೆ ಹಾಗೇ ಉಳಿಯುತ್ತದೆ.

ಐದನೇ ಹೆಜ್ಜೆ: ನಮ್ಮಲ್ಲೇ ಇರುವ ಅಚ್ಚುಗಳನ್ನು ಹುಡುಕಿ

ಇಂಗ್ಲಿಷಿನ ಒಳ್ಳೆಯ ಹೋಲಿಕೆಗಳಿಗೆ ಕನ್ನಡದಲ್ಲಿ ಅಣ್ಣತಮ್ಮಂದಿರಿದ್ದಾರೆ. ಅವರನ್ನು ಗುರುತಿಸಿಕೊಂಡರೆ ಕಲಿಕೆ ಅರ್ಧ ಮುಗಿದಂತೆ.

‘ಉಪ್ಪಿಗಿಂತ ರುಚಿಯಿಲ್ಲ, ತಾಯಿಗಿಂತ ಬಂಧುವಿಲ್ಲ.’ ಈ ಗಾದೆ ಏನು ಮಾಡುತ್ತಿದೆ? ಎಲ್ಲಕ್ಕಿಂತ ಮೇಲು ಅನ್ನುವುದನ್ನು ‘ಇಲ್ಲ’ ಎಂಬ ಮಾತಿನಿಂದ ಹೇಳುತ್ತಿದೆ. ಇಂಗ್ಲಿಷಿನಲ್ಲೂ ಹಾಗೆ ಹೇಳಬಹುದು. ‘ನಥಿಂಗ್ ಈಸ್ ಟೇಸ್ಟಿಯರ್ ದ್ಯಾನ್ ಸಾಲ್ಟ್.’ ‘ನೋ ಒನ್ ಈಸ್ ಕ್ಲೋಸರ್ ದ್ಯಾನ್ ಎ ಮದರ್.’ ‘ದ ಟೇಸ್ಟಿಯೆಸ್ಟ್’, ‘ದ ಕ್ಲೋಸೆಸ್ಟ್’ ಅನ್ನುವುದಕ್ಕಿಂತ ಇದರಲ್ಲಿ ತೂಕ ಹೆಚ್ಚು.

‘ಕುದಿಸಿದಷ್ಟೂ ರುಚಿ’ ಅನ್ನುತ್ತೇವಲ್ಲ, ಅದಕ್ಕೆ ‘ದ’ ಎರಡು ಸಲ ಬರುವ ಅಚ್ಚು ಇದೆ. ‘ದ ಲಾಂಗರ್ ಇಟ್ ಬಾಯಿಲ್ಸ್, ದ ಬೆಟರ್ ಇಟ್ ಟೇಸ್ಟ್ಸ್.’ ಉಪ್ಪಿನಕಾಯಿ ಹಳೆಯದಾದಷ್ಟೂ ಚೆಂದ: ‘ದ ಓಲ್ಡರ್ ದ ಪಿಕಲ್, ದ ಬೆಟರ್ ದ ಟೇಸ್ಟ್.’ ತಕ್ಕಡಿಯ ಎರಡು ತಟ್ಟೆಗಳ ಹಾಗೆ ಸರಿತೂಗುವ ಈ ವಾಕ್ಯ ಕಿವಿಯಲ್ಲಿ ಉಳಿಯುತ್ತದೆ. ಇಲ್ಲಿ ‘ದ್ಯಾನ್’ ತರಬೇಡಿ.

‘ದಿನೇದಿನೇ ಬಿಸಿಲು ಏರುತ್ತಿದೆ’ ಅನ್ನಲು ಒಂದೇ ಮಾತನ್ನು ಎರಡು ಸಲ ಹೇಳಿ: ‘ಇಟ್ ಈಸ್ ಗೆಟಿಂಗ್ ಹಾಟರ್ ಅಂಡ್ ಹಾಟರ್.’ ಉದ್ದ ಮಾತಾದರೆ ‘ಮೋರ್ ಅಂಡ್ ಮೋರ್ ಎಕ್ಸ್‌ಪೆನ್ಸಿವ್’.

ಇನ್ನೊಂದು, ಒಂದೇ ವಾಕ್ಯದಲ್ಲಿ ಎರಡು ಹೋಲಿಕೆಗಳನ್ನು ಎದುರುಬದುರು ನಿಲ್ಲಿಸುವುದು. ಇದಕ್ಕೆ ಬ್ಯಾಡಗಿ ಮೆಣಸಿನಕಾಯಿಗಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ. ಬಣ್ಣಕ್ಕೆ ಬ್ಯಾಡಗಿ, ಖಾರಕ್ಕೆ ಗುಂಟೂರು ಅನ್ನುವುದು ಅಡುಗೆ ಮಾಡುವ ಎಲ್ಲರಿಗೂ ಗೊತ್ತು. ಇಂಗ್ಲಿಷಿನಲ್ಲಿ: ‘ಬ್ಯಾಡಗಿ ಚಿಲ್ಲೀಸ್ ಆರ್ ರೆಡ್ಡರ್ ಬಟ್ ಮೈಲ್ಡರ್ ದ್ಯಾನ್ ಗುಂಟೂರ್ ಚಿಲ್ಲೀಸ್.’ ನಡುವಿನ ‘ಬಟ್’ ಮೇಲೆ ಇಡೀ ವಾಕ್ಯ ತಿರುಗುತ್ತದೆ. ಕೆಂಪು ಜಾಸ್ತಿ ಅಂದಕೂಡಲೇ ಕೇಳುವವರು ಖಾರವೂ ಜಾಸ್ತಿ ಅಂದುಕೊಳ್ಳುತ್ತಾರೆ. ‘ಮೈಲ್ಡರ್’ ಅಂದಾಗ ಅವರ ಊಹೆ ತಲೆಕೆಳಗಾಗುತ್ತದೆ. ಆ ಸಣ್ಣ ಅಚ್ಚರಿಯೇ ಮಾತನ್ನು ನೆನಪಿನಲ್ಲಿ ಉಳಿಸುತ್ತದೆ.

ಕಡಿಮೆ ಅನ್ನುವುದನ್ನು ಹೇಳಬೇಕಾದಾಗ ‘ಲೆಸ್’ ಕಡೆ ಓಡಬೇಡಿ. ‘ಲೆಸ್ ಟಾಲ್’, ‘ಲೆಸ್ ಹಾಟ್’ ಅನ್ನುವುದು ಕಿವಿಗೆ ಒಗ್ಗುವುದಿಲ್ಲ. ಕನ್ನಡದ ‘ಅಷ್ಟು ಖಾರ ಇಲ್ಲ’ ಅನ್ನುವುದಕ್ಕೆ ಸರಿಯಾದ ಜೋಡಿ ಇದೆ: ‘ನಾಟ್ ಆ್ಯಸ್ ಹಾಟ್ ಆ್ಯಸ್’. ‘ಬ್ಯಾಡಗಿ ಈಸ್ ನಾಟ್ ಆ್ಯಸ್ ಹಾಟ್ ಆ್ಯಸ್ ಗುಂಟೂರ್.’ ‘ಆ್ಯಸ್’ ಎರಡು ಸಲ ಬರುವಾಗ ನಡುವಿನ ಮಾತಿಗೆ ‘ಅರ್’ ಸೇರುವುದಿಲ್ಲ.

ಆರನೇ ಹೆಜ್ಜೆ: ಎಷ್ಟು ಅಂತರ ಅಂತ ಹೇಳಿ

‘ವೆರಿ ಟಾಲರ್’ ಅನ್ನುವ ಹಾಗಿಲ್ಲ. ಅಂತರ ದೊಡ್ಡದಾದರೆ ‘ಮಚ್’, ‘ಫಾರ್’, ‘ಎ ಲಾಟ್’. ಚಿಕ್ಕದಾದರೆ ‘ಎ ಬಿಟ್’, ‘ಎ ಲಿಟಲ್’, ‘ಸ್ಲೈಟ್ಲಿ’. ಅಳತೆ ಗೊತ್ತಿದ್ದರೆ ಅದನ್ನೇ ಮುಂದಿಡಿ: ‘ಟೂ ಇಂಚಸ್ ಟಾಲರ್’, ‘ಟೆನ್ ರುಪೀಸ್ ಚೀಪರ್’. ಬಸ್ಸಿನಲ್ಲಿ ಮೂರು ಗಂಟೆ, ರೈಲಿನಲ್ಲಿ ಎರಡು ಗಂಟೆ ಅಂದರೆ ‘ದ ಟ್ರೇನ್ ಈಸ್ ಆ್ಯನ್ ಅವರ್ ಫಾಸ್ಟರ್’. ಪಟ್ಟು ಹೇಳಬೇಕಾದರೆ ‘ಟ್ವೈಸ್ ಆ್ಯಸ್ ಲಾಂಗ್ ಆ್ಯಸ್’, ‘ತ್ರೀ ಟೈಮ್ಸ್ ಆ್ಯಸ್ ಹೈ ಆ್ಯಸ್’ ಅನ್ನಿ. ಅರ್ಧ ಅನ್ನಲು ‘ಹಾಫ್ ಆ್ಯಸ್ ಲಾಂಗ್ ಆ್ಯಸ್’.

ಏಳನೇ ಹೆಜ್ಜೆ: ಜೋಡಿ ಸರಿಯಿದೆಯಾ ನೋಡಿ

‘ಮಡಿಕೇರಿಯ ಹವೆ ಮೈಸೂರಿಗಿಂತ ತಂಪು.’ ಕನ್ನಡದಲ್ಲಿ ಇದಕ್ಕೆ ಯಾರೂ ತಕರಾರು ಮಾಡುವುದಿಲ್ಲ. ಇಂಗ್ಲಿಷಿನಲ್ಲಿ ಹಾಗೇ ಬರೆದರೆ ಹವೆಯನ್ನು ಊರಿಗೆ ಹೋಲಿಸಿದಂತಾಗುತ್ತದೆ. ‘ಮಡಿಕೇರೀಸ್ ವೆದರ್ ಈಸ್ ಕೂಲರ್ ದ್ಯಾನ್ ಮೈಸೂರೂಸ್’ ಅನ್ನಿ. ಇನ್ನೂ ಸರಳವಾಗಿ ಹವೆಯನ್ನೇ ಬಿಟ್ಟು ‘ಮಡಿಕೇರಿ ಈಸ್ ಕೂಲರ್ ದ್ಯಾನ್ ಮೈಸೂರು’ ಅನ್ನಿ. ನಾನಾದರೆ ಎರಡನೆಯದನ್ನೇ ಆರಿಸಿಕೊಳ್ಳುತ್ತೇನೆ.

‘ಬೆಂಗಳೂರು ಈಸ್ ಬಿಗ್ಗರ್ ದ್ಯಾನ್ ಎನಿ ಸಿಟಿ ಇನ್ ಕರ್ನಾಟಕ.’ ಇದರಲ್ಲಿ ಒಂದು ತೊಡಕಿದೆ. ಬೆಂಗಳೂರೂ ಕರ್ನಾಟಕದ ಊರೇ ಅಲ್ವಾ? ತನಗಿಂತ ತಾನೇ ದೊಡ್ಡದು ಆಗಿಬಿಟ್ಟಿತು. ‘ಎನಿ ಅದರ್ ಸಿಟಿ’ ಅಂದರೆ ಸರಿ. ‘ಅವನು ಎಲ್ಲರಿಗಿಂತ ಎತ್ತರ’ ಅನ್ನುವುದನ್ನೂ ‘ಟಾಲರ್ ದ್ಯಾನ್ ಆಲ್’ ಅನ್ನದೆ ‘ಟಾಲರ್ ದ್ಯಾನ್ ಎವರಿಒನ್ ಎಲ್ಸ್’ ಅನ್ನಬೇಕು.

‘ಶಿ ಲವ್ಸ್ ದ ಡಾಗ್ ಮೋರ್ ದ್ಯಾನ್ ಮಿ.’ ಅವಳು ನನ್ನನ್ನು ಪ್ರೀತಿಸುವುದಕ್ಕಿಂತ ನಾಯಿಯನ್ನೇ ಜಾಸ್ತಿ ಪ್ರೀತಿಸುತ್ತಾಳಾ? ನಾನು ನಾಯಿಯನ್ನು ಪ್ರೀತಿಸುವುದಕ್ಕಿಂತ ಅವಳು ಜಾಸ್ತಿ ಪ್ರೀತಿಸುತ್ತಾಳಾ? ಎರಡನೆಯ ಅರ್ಥ ಬೇಕಿದ್ದರೆ ‘ಮೋರ್ ದ್ಯಾನ್ ಐ ಡೂ’ ಎಂದು ಬಿಡಿಸಿ ಹೇಳಿ.

ಮನಸ್ಸು ನೋಯಿಸದ ಹಾಗೆ

ಹೋಲಿಕೆಗೆ ಚೂಪು ಇದೆ. ತುಂಬ ದಿನದ ಮೇಲೆ ಸಿಕ್ಕವರಿಗೆ ‘ಏನ್ರೀ, ದಪ್ಪ ಆಗಿದ್ದೀರಾ’ ಅನ್ನುವುದು ನಮ್ಮಲ್ಲಿ ಸಲಿಗೆಯ ಮಾತು. ಅದನ್ನೇ ‘ಯೂ ಲುಕ್ ಫ್ಯಾಟರ್’ ಅಂದರೆ ಇಂಗ್ಲಿಷಿನಲ್ಲಿ ಎದೆಗೆ ಚುಚ್ಚುತ್ತದೆ. ಬಣ್ಣ, ತೂಕ, ವಯಸ್ಸು ಈ ಮೂರನ್ನೂ ಹೋಲಿಕೆಯಿಂದ ದೂರವಿಡಿ. ಕನ್ನಡದಲ್ಲೂ ಇಟ್ಟರೆ ಒಳ್ಳೆಯದೇ.

‘ಬೆಟರ್ ಯೂ ಗೋ ಬೈ ಬಸ್’ ಅಂತ ನಾವು ಸಲಹೆ ಕೊಡುತ್ತೇವೆ. ಬಸ್ಸಲ್ಲಿ ಹೋಗೋದು ವಾಸಿ ಅನ್ನುವ ಅರ್ಥದಲ್ಲಿ. ಇದನ್ನು ಸರಿಮಾಡಲು ಹೋಗಿ ‘ಯೂ ಹ್ಯಾಡ್ ಬೆಟರ್ ಗೋ’ ಅಂದರೆ ಎಚ್ಚರಿಕೆ ಕೊಟ್ಟ ಹಾಗೆ ಕೇಳಿಸುತ್ತದೆ. ಹೋಗದಿದ್ದರೆ ತೊಂದರೆಯಾದೀತು ಅನ್ನುವ ಧ್ವನಿ ಅದರಲ್ಲಿದೆ. ಮೆತ್ತಗೆ ಹೇಳಬೇಕಾದರೆ ‘ಇಟ್ ವುಡ್ ಬಿ ಬೆಟರ್ ಟು ಗೋ ಬೈ ಬಸ್’.

ಹೋಲಿಕೆಯ ರೂಪವೇ ಮೆತ್ತಗಾಗಿಸುವ ಜಾಗಗಳೂ ಇವೆ. ಅಂಗಡಿಯಲ್ಲಿ ‘ಟೂ ಕಾಸ್ಟ್ಲಿ’ ಅನ್ನುವ ಬದಲು ‘ಡೂ ಯೂ ಹ್ಯಾವ್ ಎನಿಥಿಂಗ್ ಚೀಪರ್?’ ಅನ್ನಿ. ಫೋನಿನಲ್ಲಿ ‘ಐ ಕೆನಾಟ್ ಹಿಯರ್’ ಅನ್ನುವ ಬದಲು ‘ಕುಡ್ ಯೂ ಸ್ಪೀಕ್ ಎ ಬಿಟ್ ಲೌಡರ್?’ ಅನ್ನಿ. ನಾವು ಕನ್ನಡದಲ್ಲಿ ‘ಸ್ವಲ್ಪ ಜೋರಾಗಿ’ ಅನ್ನುವ ಕಡೆಯೆಲ್ಲ ಇಂಗ್ಲಿಷಿನವರು ಈ ‘ಅರ್’ ರೂಪ ಬಳಸುತ್ತಾರೆ.

ಈಗ ಒಂದು ಪ್ಯಾರಾ ತಿದ್ದೋಣ

ಆಗುಂಬೆಯ ಮಳೆಯ ಬಗ್ಗೆ ಒಬ್ಬರು ಹೀಗೆ ಬರೆದರು ಅಂದುಕೊಳ್ಳಿ: ‘ಆಗುಂಬೆ ರೇನ್ ಈಸ್ ವೆರಿ ಹೆವಿ. ಇಟ್ ಈಸ್ ಮೋರ್ ಹೆವಿ ದ್ಯಾನ್ ಬೆಂಗಳೂರು. ಡೇ ಬೈ ಡೇ ಇಟ್ ಈಸ್ ಇನ್‌ಕ್ರೀಸಿಂಗ್. ಅಂಬ್ರೆಲಾ ಈಸ್ ನಾಟ್ ಯೂಸ್‌ಫುಲ್.’

ಮೊದಲು ವ್ಯಾಕರಣ. ‘ಮೋರ್ ಹೆವಿ’ ಹೋಗಿ ‘ಹೆವಿಯರ್’ ಆಗಲಿ. ಮಳೆಯನ್ನು ಊರಿಗೆ ಹೋಲಿಸಿದ್ದೂ ಸರಿಯಾಗಲಿ. ಆಮೇಲೆ ಅಳತೆ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗಿಂತ ಜಾಸ್ತಿ ಮಳೆ ಬೀಳುತ್ತದೆ. ಬೆಂಗಳೂರಿನಲ್ಲಿ ಸಾವಿರಕ್ಕೂ ತುಸು ಕಡಿಮೆ. ಅಂದರೆ ಏಳು ಪಟ್ಟು. ಕೊನೆಗೆ, ಕಣ್ಣಿಗೆ ಕಿವಿಗೆ ಸಿಗುವ ವಸ್ತುಗಳು. ಮಳೆಯ ಸದ್ದು ಎಷ್ಟು? ಮನೆಯೊಳಗೆ ಟಿವಿ ಕೇಳಿಸದಷ್ಟು. ಕೊಡೆಗಿಂತ ಏನು ವಾಸಿ? ಕಂಬಳಿ ಕೊಪ್ಪೆ.

‘ಆಗುಂಬೆ ಗೆಟ್ಸ್ ಅಬೌಟ್ ಸೆವೆನ್ ಟೈಮ್ಸ್ ಆ್ಯಸ್ ಮಚ್ ರೇನ್ ಆ್ಯಸ್ ಬೆಂಗಳೂರು. ಇನ್ ಜುಲೈ ದ ರೇನ್ ಆನ್ ದ ರೂಫ್ ಈಸ್ ಲೌಡರ್ ದ್ಯಾನ್ ದ ಟೆಲಿವಿಷನ್. ದ ಹಾರ್ಡರ್ ಇಟ್ ಫಾಲ್ಸ್, ದ ಕ್ಲೋಸರ್ ವಿ ಸಿಟ್ ಟು ದ ಫೈರ್. ಔಟ್‌ಡೋರ್ಸ್, ಆ್ಯನ್ ಓಲ್ಡ್ ವುಲನ್ ಬ್ಲ್ಯಾಂಕೆಟ್ ಓವರ್ ದ ಹೆಡ್ ಈಸ್ ಸೇಫರ್ ದ್ಯಾನ್ ಎನಿ ಅಂಬ್ರೆಲಾ.’

ನಾಲ್ಕು ವಾಕ್ಯದಲ್ಲಿ ನಾಲ್ಕು ಬೇರೆಬೇರೆ ಬಗೆ ಬಂತು. ಇದಕ್ಕಿಂತ ಜಾಸ್ತಿ ತುಂಬಬೇಡಿ. ಪ್ರತಿ ಸಾಲಿನಲ್ಲೂ ಹೋಲಿಕೆ ಇದ್ದರೆ ಓದುವವರಿಗೆ ಉಸಿರು ಕಟ್ಟುತ್ತದೆ. ಇಲ್ಲಿ ಕಲಿಕೆಗಾಗಿ ಒಟ್ಟಿಗೆ ತಂದಿದ್ದೇನೆ. ನೀವು ಬರೆಯುವಾಗ ಎರಡು ಸಾಕು.

ಅಭ್ಯಾಸಕ್ಕೆ ದಿನಕ್ಕೆ ಹತ್ತು ನಿಮಿಷ ಇಟ್ಟುಕೊಳ್ಳಿ. ಮನೆಯಲ್ಲಿರುವ ಎರಡು ವಸ್ತು ಎದುರಿಗಿಡಿ. ಎರಡು ಬಾಳೆಹಣ್ಣಾದರೂ ಸರಿ. ಏಲಕ್ಕಿ ಬಾಳೆ, ಪಚ್ಚಬಾಳೆ ಇದ್ದರೆ ಇನ್ನೂ ಒಳ್ಳೆಯದು. ‘ಬೆಟರ್’ ಬಳಸದೆ ಮೂರು ವಾಕ್ಯ ಹೇಳಿ. ಒಂದರಲ್ಲಿ ‘ಬಟ್’ ಇರಲಿ. ಒಂದರಲ್ಲಿ ‘ದ್ಯಾನ್ ಇಟ್ ಲುಕ್ಸ್’ ಇರಲಿ. ಬಾಯಲ್ಲಿ ಜೋರಾಗಿ ಹೇಳಿ, ಆಮೇಲೆ ಬರೆಯಿರಿ.

ಸೀರೆ ಅಂಗಡಿಯ ಆ ಹುಡುಗಿ ಹೀಗೇ ಅಭ್ಯಾಸ ಮಾಡಿದಳು. ಒಂದು ಸಂಜೆ ಪಾಠಕ್ಕೆ ಬಂದವಳು ಅಂದು ನಡೆದದ್ದನ್ನು ಹೇಳಿದಳು. ಹೊರದೇಶದ ಹೆಂಗಸೊಬ್ಬರು ದೊಡ್ಡ ಅಂಚಿನ ಮೈಸೂರು ಸಿಲ್ಕ್ ನೋಡಿ, ಇಷ್ಟು ಭಾರದ್ದು ಉಡಲಾರೆ ಅಂದರಂತೆ. ಇವಳು ಸೀರೆಯನ್ನು ಮಡಿಕೆ ಸಮೇತ ಅವರ ಎರಡೂ ಕೈಗಳ ಮೇಲಿಟ್ಟು ಹೇಳಿದಳಂತೆ: ‘ಇಟ್ ಈಸ್ ಲೈಟರ್ ದ್ಯಾನ್ ಇಟ್ ಲುಕ್ಸ್, ಮೇಡಂ.’